ಹಸುವನ್ನು ಕರೆಯುವ ರಾಗ

ಬಹಳ ಹಿಂದೆ, ಕ್ಯಾಸೆಟ್ಟುಗಳ ಕಾಲದಲ್ಲಿ, ಒಂದು ಸಣ್ಣ ಪತ್ರಿಕೆಗೆ ನಾನು ನಾರ್ವೆಯ ಸಂಗೀತಗಾರ ಎಡ್ವರ್ಡ್ ಗ್ರೀಗ್ ಬಗ್ಗೆ ಒಂದೂವರೆ ಪುಟದ ಟಿಪ್ಪಣಿ ಬರೆದಿದ್ದೆ. ಅದರಲ್ಲಿ ಅವನ ಸಂಗೀತವನ್ನು ‘ಪ್ರವಾಸಿಗಳಿಗೆ ಮಾರುವ ಬೆಟ್ಟದ ಚಿತ್ರ’ ಎಂದು ಕರೆದಿದ್ದೆ. ಆ ವಯಸ್ಸಿನಲ್ಲಿ ಇಂಥ ಮಾತು ಹೊಳೆದರೆ ಅದು ನಿಜವೂ ಆಗಿರಬೇಕು ಎಂಬ ಭ್ರಮೆ ನನಗಿತ್ತು. ಹಳ್ಳಿಯ ಹೆಂಗಸರು ಹಸುಗಳನ್ನು ಕರೆಯುವ ರಾಗವನ್ನು ಕರಿಯ ಕೋಟು ತೊಟ್ಟ ಐವತ್ತು ಜನ ಪಿಟೀಲು ವಾದಕರ ಕೈಗೆ ಕೊಟ್ಟು, ದೀಪಗಳ ಕೆಳಗೆ ನುಡಿಸಿದರೆ ಅದರಲ್ಲಿ ಉಳಿಯುವುದಾದರೂ ಏನು ಎಂದು ಕೇಳಿದ್ದೆ. ಪ್ರಶ್ನೆ ತಪ್ಪಾಗಿರಲಿಲ್ಲ. ಆದರೆ ಅದನ್ನು ಗ್ರೀಗನಿಗೆ ಕೇಳುವ ಅಧಿಕಾರ ನನಗಿರಲಿಲ್ಲ. ಯಾಕಿರಲಿಲ್ಲ ಎಂಬುದನ್ನು ಹೇಳಲಿಕ್ಕೇ ಈಗ ಇದನ್ನು ಬರೆಯುತ್ತಿದ್ದೇನೆ. ಅದಕ್ಕೆ ಮೊದಲು ಸಂಗೀತದ ವಿಷಯ.

ನಮ್ಮಲ್ಲಿ ನಾರ್ವೆ ಎಂದರೆ ಇಬ್ಸನ್. ಅವನ ‘ಪೀರ್ ಗಿಂಟ್’ ನಾಟಕದ ರಂಗಪ್ರಯೋಗಕ್ಕೆ ಸಂಗೀತ ಕೊಟ್ಟವನು ಗ್ರೀಗ್ ಎನ್ನುವಷ್ಟು ಹಲವರಿಗೆ ಗೊತ್ತು. ಬರ್ಗೆನ್ ಎಂಬ ಬಂದರು ಪಟ್ಟಣದಲ್ಲಿ 1843ರಲ್ಲಿ ಹುಟ್ಟಿ, ಅಲ್ಲೇ 1907ರಲ್ಲಿ ತೀರಿಕೊಂಡ ಅವನು ಕಲಿತದ್ದು ಜರ್ಮನಿಯ ಲೈಪ್‌ಜಿಗ್‌ನಲ್ಲಿ. ನಾರ್ವೆ ಆಗ ಸ್ವತಂತ್ರ ದೇಶವಲ್ಲ. 1814ರವರೆಗೆ ಡೆನ್ಮಾರ್ಕಿನ ಜೊತೆಗೆ, ಆಮೇಲೆ 1905ರವರೆಗೆ ಸ್ವೀಡನ್ನಿನ ರಾಜನ ಕೆಳಗೆ ಇದ್ದ ನಾಡು. ಓದುಬರಹದ ಭಾಷೆ ಡೇನಿಷ್, ಸಂಗೀತದ ವ್ಯಾಕರಣ ಜರ್ಮನ್. ‘ನಮ್ಮದು’ ಎನ್ನಲು ಉಳಿದದ್ದು ಕಣಿವೆಗಳ ಆಡುಮಾತು, ರೈತರ ಹಾಡು, ಪಿಟೀಲಿನ ಕುಣಿತದ ಗತ್ತುಗಳು. ಹೀಗೆ ದೊಡ್ಡ ಭಾಷೆಯೊಂದರ ನೆರಳಿನಲ್ಲಿರುವ ಜನ ತಮ್ಮ ದೇಸಿಯನ್ನು ಹುಡುಕಿಕೊಂಡು ಹೊರಡುವ ಕಥೆ ಕನ್ನಡದ ಓದುಗರಿಗೆ ವಿವರಿಸಬೇಕಾದದ್ದಲ್ಲ.

ಆದರೆ ಈ ಹುಡುಕಾಟದಲ್ಲಿ ಒಂದು ವಿಚಿತ್ರವಿದೆ. ಗ್ರೀಗ್ ಮೊದಲಿಗೆ ಜಾನಪದವನ್ನು ಕಂಡುಕೊಂಡದ್ದು ಜನರ ಬಾಯಲ್ಲಲ್ಲ, ಅಚ್ಚಾದ ಪುಸ್ತಕದಲ್ಲಿ. ಲೂಡ್ವಿಗ್ ಲಿಂಡೆಮನ್ ಎಂಬ ಚರ್ಚಿನ ಆರ್ಗನ್ ವಾದಕ ಕಣಿವೆಗಳಲ್ಲಿ ತಿರುಗಿ ನೂರಾರು ರಾಗಗಳನ್ನು ಬರೆದುಕೊಂಡು, ಅವನ್ನು ಪಿಯಾನೋಗೆ ಒಗ್ಗಿಸಿ, 1853ರಿಂದ ಮುಂದಕ್ಕೆ ಕಂತು ಕಂತಾಗಿ ಪ್ರಕಟಿಸಿದ್ದ. ಆ ಸಂಗ್ರಹದಿಂದ ಇಪ್ಪತ್ತೈದು ರಾಗಗಳನ್ನು ಆಯ್ದು ಗ್ರೀಗ್ ತನ್ನ 17ನೇ ಕೃತಿಯಾಗಿ ಪಿಯಾನೋಗೆ ಹೊಂದಿಸಿದ. ಅದು ಅಚ್ಚಾದದ್ದು 1870ರ ಹೊತ್ತಿಗೆ. ಅದರಲ್ಲಿ ಒಂದು ‘ಕುಲೊಕ್’. ಎಂದರೆ ಹಸುವಿನ ಕರೆ. ಇನ್ನೊಂದು ‘ಸ್ಟಾಬೆಲೋಟೆನ್’ ಎಂಬ ರೈತರ ಕುಣಿತ. ಸುಮಾರು ಇಪ್ಪತ್ತೈದು ವರ್ಷಗಳ ನಂತರ, 1895ರಲ್ಲಿ, ಈ ಎರಡನ್ನೂ ಒಟ್ಟಿಗೆ ಹೊಲಿದು ತಂತಿವಾದ್ಯಗಳ ವೃಂದಕ್ಕೆ ಬರೆದ. ಅದೇ 63ನೇ ಕೃತಿಯ, ‘ಎರಡು ನಾರ್ಡಿಕ್ ರಾಗಗಳು’ ಎಂಬುದರ, ಎರಡನೆಯ ಭಾಗ.

ಲೆಕ್ಕ ಹಾಕಿ ನೋಡಿ. ಬೆಟ್ಟದ ಮೇಲಿನ ಹೆಂಗಸಿನ ಗಂಟಲಿನಿಂದ ಲಿಂಡೆಮನ್ನನ ಕಾಗದಕ್ಕೆ ಒಂದು ದಾರಿ. ಅಲ್ಲಿಂದ ಗ್ರೀಗನ ಪಿಯಾನೋಗೆ ಇನ್ನೊಂದು. ಪಿಯಾನೋದಿಂದ ತಂತಿವೃಂದಕ್ಕೆ ಮೂರನೆಯದು. ಪ್ರತಿ ದಾರಿಯಲ್ಲೂ ಏನೋ ಒಂದು ಕೆಳಗೆ ಬಿದ್ದುಹೋಗಿರಲೇಬೇಕು.

ಬಿದ್ದುಹೋದದ್ದು ಏನು? ನಾರ್ವೆಯಲ್ಲಿ ಬೇಸಿಗೆ ಬಂದಾಗ ದನಗಳನ್ನು ಎತ್ತರದ ಹುಲ್ಲುಗಾವಲುಗಳಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಅಲ್ಲಿ ‘ಸೇಟರ್’ ಎಂಬ ಮರದ ಗುಡಿಸಲುಗಳಲ್ಲಿ ವಾರಗಟ್ಟಲೆ ಇದ್ದು, ಹಾಲು ಕರೆದು, ಗಿಣ್ಣು ಬೆಣ್ಣೆ ಮಾಡುತ್ತಿದ್ದವರು ಹೆಂಗಸರು, ಹುಡುಗಿಯರು. ಸಂಜೆ ದನಗಳನ್ನು ಕರೆಯುವ ಕೂಗು ಕಣಿವೆಯ ಆಚೆ ದಂಡೆಗೆ ಮುಟ್ಟಬೇಕು. ಆದ್ದರಿಂದ ದನಿ ಬಹಳ ಮೇಲಿನ ಸ್ಥಾಯಿಯದು, ಚೂಪಾದದ್ದು. ನಡುನಡುವೆ ಒಂದೊಂದು ಹಸುವಿನ ಹೆಸರು. ಅದು ಹಾಡಲ್ಲ, ಕೆಲಸ. ಹಸು ಬಂದರೆ ಕರೆ ಸಾರ್ಥಕ. ಬಾರದಿದ್ದರೆ ಮತ್ತೊಮ್ಮೆ ಕೂಗಬೇಕು. ಚಪ್ಪಾಳೆಯ ಪ್ರಶ್ನೆಯೇ ಇಲ್ಲ.

ಇನ್ನೊಂದು ಸಂಗತಿ ಹೆಚ್ಚು ಸೂಕ್ಷ್ಮವಾದದ್ದು. ಹಳೆಯ ನಾರ್ವೀಜಿಯನ್ ಹಾಡುಗಾರಿಕೆಯ ಎಲ್ಲ ಸ್ವರಗಳೂ ಪಿಯಾನೋದ ಮನೆಗಳಲ್ಲಿ ಕೂರುವವಲ್ಲ. ಗಾಂಧಾರ ಕೋಮಲಕ್ಕೂ ಶುದ್ಧಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಮಧ್ಯಮ ಕೂಡ ಶುದ್ಧಕ್ಕಿಂತ ಮೇಲೆ, ತೀವ್ರಕ್ಕಿಂತ ಕೆಳಗೆ. ಟೆಲೆಮಾರ್ಕ್ ಸೀಮೆಯಲ್ಲಿ ಹುಟ್ಟಿದ ಐವಿಂಡ್ ಗ್ರೋವೆನ್ ಎಂಬ ಸಂಗೀತಗಾರ 1927ರಲ್ಲಿ ಈ ಬಗ್ಗೆ ಒಂದು ಪ್ರಬಂಧ ಬರೆದು, ಕುರುಬರ ಮರದ ತೊಗಟೆಯ ಕೊಳಲಿನಿಂದ ಹೊರಡುವ ಸಹಜ ಸ್ವರಶ್ರೇಣಿಯೇ ಈ ರಾಗಗಳ ಹಿಂದಿದೆ ಎಂದು ವಾದಿಸಿದ. ಆ ಕೊಳಲಿಗೆ ಬೆರಳಿಡುವ ತೂತುಗಳಿಲ್ಲ. ಉಸಿರಿನ ಒತ್ತಡದಿಂದ, ತುದಿಯನ್ನು ಮುಚ್ಚಿ ತೆರೆಯುವುದರಿಂದ ಮಾತ್ರ ಸ್ವರ ಬದಲಾಗುತ್ತದೆ. ಅದರ ಮಧ್ಯಮ ಹುಟ್ಟುವುದೇ ಎರಡು ಮನೆಗಳ ನಡುವೆ. ಪಿಯಾನೋ ಬಲ್ಲ ಲಿಂಡೆಮನ್ನನಿಗೆ ಅದನ್ನು ಯಾವುದಾದರೂ ಒಂದು ಮನೆಗೆ ನೂಕದೆ ಬೇರೆ ದಾರಿ ಇರಲಿಲ್ಲ.

ಕುಣಿತದ ಗತ್ತಿನಲ್ಲೂ ಹೀಗೆಯೇ. ಟೆಲೆಮಾರ್ಕಿನ ‘ಸ್ಪ್ರಿಂಗಾರ್’ ಕುಣಿತಕ್ಕೆ ಮೂರು ಪೆಟ್ಟು. ಕಾಗದದ ಮೇಲೆ ಮೂರೂ ಸಮ. ಆದರೆ ಕಾಲಿನಲ್ಲಿ ಒಂದು ಉದ್ದ, ಒಂದು ಮಧ್ಯಮ, ಒಂದು ಗಿಡ್ಡ. ಬರೆದದ್ದನ್ನು ಬರೆದ ಹಾಗೆ ನುಡಿಸಿದರೆ ಅದು ಕುಂಟುವುದನ್ನು ಬಿಟ್ಟುಬಿಡುತ್ತದೆ. ಕುಂಟದಿದ್ದರೆ ಅದು ಕುಣಿಯುವುದೂ ಇಲ್ಲ.

ಇನ್ನು ವಾದ್ಯ. ನಾರ್ವೆಯ ಪಶ್ಚಿಮದ ಕಣಿವೆಗಳ ಹಾರ್ಡಾಂಗರ್ ಪಿಟೀಲು ನೋಡಲು ನಮ್ಮ ಪಿಟೀಲಿನ ತಂಗಿಯಂತಿದೆ. ಮೈಮೇಲೆಲ್ಲ ಮುತ್ತಿನ ಚಿಪ್ಪಿನ ಕೆಲಸ, ತಲೆಯ ಕಡೆ ಹೆಚ್ಚಾಗಿ ಸಿಂಹದ ಅಥವಾ ಹೆಣ್ಣಿನ ಮುಖ. ಆದರೆ ನುಡಿಸುವ ನಾಲ್ಕು ತಂತಿಗಳ ಕೆಳಗೆ ಇನ್ನೂ ನಾಲ್ಕೋ ಐದೋ ತಂತಿಗಳಿವೆ. ಅವನ್ನು ಯಾರೂ ಮುಟ್ಟುವುದಿಲ್ಲ. ಮೇಲಿನ ದನಿಗೆ ತಾವಾಗಿಯೇ ಮಿಡಿಯುತ್ತವೆ. ಸಾರಂಗಿಯ, ಸಿತಾರಿನ ತರಬ್ ತಂತಿಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುದುರೆ ಚಪ್ಪಟೆಯಾಗಿರುವುದರಿಂದ ಕಮಾನು ಸದಾ ಎರಡು ತಂತಿಗಳ ಮೇಲೆ ಹಾಯುತ್ತದೆ: ಒಂದು ರಾಗ, ಒಂದು ಶ್ರುತಿ. ತಂತಿಗಳನ್ನು ಶ್ರುತಿ ಮಾಡುವ ಬಗೆಗಳೇ ಇಪ್ಪತ್ತಕ್ಕೂ ಹೆಚ್ಚು. ಹತ್ತೊಂಬತ್ತನೆಯ ಶತಮಾನದಲ್ಲಿ ಧರ್ಮಶ್ರದ್ಧೆಯ ಅಲೆಯೊಂದು ಎದ್ದಾಗ ಇದನ್ನು ಸೈತಾನನ ವಾದ್ಯವೆಂದು ಕರೆದು ಒಡೆದವರು, ಸುಟ್ಟವರು ಇದ್ದರು.

ಇಷ್ಟನ್ನೂ ಹೇಳಿದ ಮೇಲೆ ನನ್ನ ಹಳೆಯ ಟಿಪ್ಪಣಿಯೇ ಸರಿ ಎಂದು ನಿಮಗೆ ಅನ್ನಿಸಬಹುದು. ತಂತಿವೃಂದದಲ್ಲಿ ತರಬ್ ಇಲ್ಲ, ನಡುಸ್ವರ ಇಲ್ಲ, ಕುಂಟು ಗತ್ತಿಲ್ಲ, ಹಸುವಂತೂ ಇಲ್ಲವೇ ಇಲ್ಲ. ಹಾಗಾದರೆ?

ಈಗ ನನ್ನ ಕಥೆ. ಆ ಟಿಪ್ಪಣಿ ಬರೆದ ಆಸುಪಾಸಿನಲ್ಲೇ ನಾನು ಊರಿನ ನಾಟಕ ತಂಡವೊಂದಕ್ಕೆ ಸಂಗೀತ ಒದಗಿಸುತ್ತಿದ್ದೆ. ನಮ್ಮ ಕೇರಿಯ ಆಚೆ ಒಬ್ಬ ಅಜ್ಜಿ ಇದ್ದರು. ನಾಟಿಯ ಹಾಡುಗಳನ್ನು ಹೇಳುವುದರಲ್ಲಿ ಅವರ ಸಮಕ್ಕೆ ಯಾರೂ ಇರಲಿಲ್ಲ. ನಾನು ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಎರಡು ಮಧ್ಯಾಹ್ನ ಅವರ ಜಗಲಿಯಲ್ಲಿ ಕೂತು ಹಾಡುಗಳನ್ನು ತುಂಬಿಕೊಂಡು ಬಂದೆ. ಮನೆಯಲ್ಲಿ ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂತಾಗ ತೊಂದರೆ ಶುರುವಾಯಿತು. ಅಜ್ಜಿಯ ಗಾಂಧಾರ ಯಾವ ಮನೆಗೂ ಸೇರುತ್ತಿರಲಿಲ್ಲ. ಹಾಡು ಮುಂದುವರಿದಂತೆ ಆಧಾರ ಷಡ್ಜವೇ ಮೆಲ್ಲಗೆ ಮೇಲಕ್ಕೆ ಏರಿಬಿಡುತ್ತಿತ್ತು. ಒಂದು ಸಾಲಿಗೆ ಏಳು ಪೆಟ್ಟು, ಇನ್ನೊಂದಕ್ಕೆ ಏಳೂವರೆ. ನಾನು ಎಲ್ಲವನ್ನೂ ‘ಸರಿ’ ಮಾಡಿದೆ. ಆರು ಜನ ಹುಡುಗಿಯರಿಗೆ ಕಲಿಸಿದೆ. ತಬಲಾ ಸೇರಿಸಿದೆ. ಪ್ರದರ್ಶನ ಚೆನ್ನಾಗಿ ನಡೆಯಿತು; ಹಾಡಿಗೆ ಎರಡು ಸಲ ಚಪ್ಪಾಳೆ ಬಿತ್ತು. ಅಜ್ಜಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದೆವು. ಮುಗಿದ ಮೇಲೆ ಹೋಗಿ ಹೇಗಿತ್ತಮ್ಮಾ ಎಂದು ಕೇಳಿದೆ. ಅವರು ನಿಜವಾದ ಮೆಚ್ಚುಗೆಯಿಂದಲೇ, “ಚಂದ ಇತ್ತು ಮಗಾ, ಅದು ಯಾವ ಊರಿನ ಹಾಡು?” ಎಂದರು.

ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನಾನು ಇಷ್ಟು ವರ್ಷ ಅದನ್ನು ನೆನಪಿಟ್ಟುಕೊಳ್ಳುತ್ತಿರಲಿಲ್ಲವೇನೋ. ಇನ್ನೂ ಕೆಟ್ಟದ್ದೆಂದರೆ, ಆ ಹೊತ್ತಿಗೆ ಅವರ ಕ್ಯಾಸೆಟ್ಟುಗಳ ಮೇಲೆ ನಾನು ನಾಟಕದ ತಾಲೀಮನ್ನು ರೆಕಾರ್ಡ್ ಮಾಡಿಬಿಟ್ಟಿದ್ದೆ. ಖಾಲಿ ಕ್ಯಾಸೆಟ್ಟಿಗೆ ದುಡ್ಡಿರಲಿಲ್ಲ ಎಂಬುದು ಆಗ ನಾನು ಕೊಟ್ಟುಕೊಂಡ ಕಾರಣ. ಹಾಡು ನನ್ನ ಕೈಗೆ ಬಂದಿದೆ, ಇನ್ನು ಮೂಲದಿಂದ ಏನಾಗಬೇಕು ಎಂಬುದು ನಿಜವಾದ ಕಾರಣ. ಅಜ್ಜಿ ಮುಂದಿನ ಮಳೆಗಾಲ ತೀರಿಕೊಂಡರು.

ಹಾಗಾಗಿ ನಂತರದ ದಿನಗಳಲ್ಲಿ ಗ್ರೀಗನ ಸಂಗೀತ ಕೇಳುವಾಗ ನಾನು ವಿಮರ್ಶಕನಾಗಿ ಅಲ್ಲ, ಅದೇ ತಪ್ಪು ಮಾಡಿದ ಇನ್ನೊಬ್ಬನಾಗಿ ಕೇಳತೊಡಗಿದೆ. ಈ ಮನುಷ್ಯನೂ ನಾನು ಮಾಡಿದ್ದನ್ನೇ ಮಾಡಿದನೇ ಎಂಬುದು ನನ್ನ ಪ್ರಶ್ನೆಯಾಯಿತು.

‘ಹಸುವಿನ ಕರೆ’ಯನ್ನು ಮತ್ತೆ ಕೇಳಿದೆ. ತಂತಿಗಳು ಮೆಲ್ಲಗೆ ಶುರು ಮಾಡುತ್ತವೆ. ರಾಗ ಚಿಕ್ಕದು, ತಿರುತಿರುಗಿ ಅದೇ ಬರುತ್ತದೆ. ಅದರ ಕೆಳಗೆ ಗ್ರೀಗ್ ಸ್ವರಮೇಳಗಳನ್ನು ಒಂದೊಂದಾಗಿ ಬದಲಾಯಿಸುತ್ತಾ ಹೋಗುತ್ತಾನೆ. ಈ ರಾಗಗಳ ಒಳಗೆ ಅಡಗಿರುವ ಸ್ವರಮೇಳಗಳನ್ನು ಹೊರತೆಗೆಯುವುದೇ ತನ್ನ ಕೆಲಸ ಎಂಬುದು ಅವನ ನಂಬಿಕೆಯಾಗಿತ್ತು. ಕೂಗಿದವಳಿಗೆ ಅಂಥ ಸ್ವರಮೇಳ ಯಾವುದೂ ಗೊತ್ತಿರಲಿಲ್ಲ ಎಂಬುದು ನಿಜ. ಆದರೆ ಒಂದು ಮಾತನ್ನು ನಾನು ಮೊದಲ ಸಲ ಗಮನಿಸಿರಲಿಲ್ಲ: ಅವನು ಆ ಕೂಗನ್ನು ನಕಲು ಮಾಡುತ್ತಿಲ್ಲ. ಅವನು ಬರೆಯುತ್ತಿರುವುದು ಕೂಗಿನ ಸುತ್ತಲಿನ ಸಂಜೆಯನ್ನು. ಕರೆ ದೂರದಲ್ಲಿದೆ, ಕೇಳುವವನು ಪಟ್ಟಣದವನು, ಕಣಿವೆಯ ಕೆಳಗೆ ನಿಂತಿದ್ದಾನೆ. ದೂರವನ್ನು ಮುಚ್ಚಿಡುವುದರ ಬದಲು ಅದನ್ನೇ ಸಂಗೀತ ಮಾಡಿದ್ದಾನೆ. ಆಮೇಲೆ ಬರುವ ರೈತರ ಕುಣಿತದಲ್ಲಿ ಕೆಳಗಿನ ತಂತಿಗಳು ಷಡ್ಜ ಪಂಚಮಗಳನ್ನು ಒಟ್ಟಿಗೆ ಹಿಡಿದು ಗುದ್ದುತ್ತವೆ. ಹಳ್ಳಿಯ ಪಿಟೀಲಿನ ಆ ಶ್ರುತಿ ಹಿಡಿಯುವ ಹಟ ಮಾತ್ರ ಮೂರು ದಾರಿಗಳನ್ನು ದಾಟಿಯೂ ಬದುಕಿ ಬಂದಿದೆ.

ಇದೇ ಕೃತಿಯ ಮೊದಲ ಭಾಗದ ಹೆಸರು ‘ಜಾನಪದ ಶೈಲಿಯಲ್ಲಿ’. ಅದರ ರಾಗ ಜಾನಪದವೇ ಅಲ್ಲ. ಫ್ರೆಡ್ರಿಕ್ ಡ್ಯೂ ಎಂಬ ರಾಜತಾಂತ್ರಿಕನೊಬ್ಬ ಕಟ್ಟಿದ್ದು. ರಾಯಭಾರಿಯೊಬ್ಬ ಬರೆದ ಹಳ್ಳಿಯ ರಾಗ ಎಂದು ನಗಬಹುದು. ಅದು ಸುಂದರವಾಗಿದೆ, ಸ್ವಲ್ಪ ಉದ್ದವಾಯಿತು. ಅದರ ಪಕ್ಕದಲ್ಲೇ ಇಟ್ಟು ಕೇಳಿದಾಗ ಹಸುವಿನ ಕರೆಯ ಗಟ್ಟಿತನ ಇನ್ನಷ್ಟು ಗೊತ್ತಾಗುತ್ತದೆ: ಒಂದು ದುಃಖವನ್ನು ಹೇಳಿಕೊಳ್ಳುತ್ತದೆ, ಇನ್ನೊಂದು ಹಸುವನ್ನು ಕರೆಯುತ್ತದೆ.

‘ಹೋಲ್ಬರ್ಗ್ ಕಾಲದಿಂದ’ ಎಂಬ ಹೆಚ್ಚು ಪ್ರಸಿದ್ಧವಾದ ಕೃತಿಯ ಬಗ್ಗೆ ಇಲ್ಲಿ ಬಹಳ ಹೇಳುವುದಿಲ್ಲ. ಬರ್ಗೆನ್‌ನಲ್ಲೇ 1684ರಲ್ಲಿ ಹುಟ್ಟಿದ ನಾಟಕಕಾರ ಲೂಡ್ವಿಗ್ ಹೋಲ್ಬರ್ಗ್‌ನ ಇನ್ನೂರನೆಯ ವರ್ಷಕ್ಕೆಂದು 1884ರಲ್ಲಿ ಪಿಯಾನೋಗೆ ಬರೆದು, ಮರುವರ್ಷ ತಂತಿವೃಂದಕ್ಕೆ ಹೊಂದಿಸಿದ್ದು. ಸರಬಾಂದ್, ಗಾವೊಟ್ ಮುಂತಾದ ಹಳೆಯ ಫ್ರೆಂಚ್ ಕುಣಿತಗಳ ವೇಷ. ಗ್ರೀಗ್ ಅದನ್ನು ವಿಗ್ ಹಾಕಿಕೊಂಡ ಸಂಗೀತ ಎಂದು ತಮಾಷೆ ಮಾಡುತ್ತಿದ್ದ. ಆದರೆ ಕೊನೆಯ ‘ರಿಗೊಡಾನ್’ ಭಾಗದಲ್ಲಿ ಒಂಟಿ ಪಿಟೀಲು, ಒಂಟಿ ವಯೋಲಾ ಮುಂದೆ ಬಂದು ಚಟಪಟನೆ ನುಡಿಸತೊಡಗಿದಾಗ ವಿಗ್ ಸ್ವಲ್ಪ ಸರಿದು, ಒಳಗಿನ ಹಳ್ಳಿಯ ತಲೆಗೂದಲು ಕಾಣುತ್ತದೆ. ಜಾನಪದ ಎಂಬ ಹೆಸರಿಲ್ಲದ ಕಡೆಯಲ್ಲೇ ಅದು ಹೆಚ್ಚು ಸಲೀಸಾಗಿ ಉಸಿರಾಡುತ್ತದೆ.

ನನ್ನ ಮನಸ್ಸನ್ನು ಪೂರ್ತಿ ಬದಲಿಸಿದ್ದು 34ನೇ ಕೃತಿಯ ‘ಕೊನೆಯ ವಸಂತ’. ಇದರಲ್ಲಿ ಜನಪದ ರಾಗ ಒಂದೂ ಇಲ್ಲ. ಟೆಲೆಮಾರ್ಕಿನ ಬಡ ರೈತನ ಮಗ, ಡೇನಿಷ್ ಬಿಟ್ಟು ಕಣಿವೆಗಳ ಆಡುಮಾತಿನಿಂದ ಕಟ್ಟಿದ ಭಾಷೆಯಲ್ಲಿ ಬರೆದ ಓಸ್ಮುಂಡ್ ವಿನ್ಯೆ (1818–1870) ಎಂಬ ಕವಿಯ ಪದ್ಯಗಳಿಗೆ ಗ್ರೀಗ್ 1880ರಲ್ಲಿ ರಾಗ ಹಾಕಿದ. ಅವುಗಳಲ್ಲಿ ಎರಡನ್ನು ತಂತಿವೃಂದಕ್ಕೆ ಹೊಂದಿಸಿದ. ಹಾಡಿನ ಹೆಸರು ಬರಿಯ ‘ವಸಂತ’. ಮಾತು ಬಿಟ್ಟುಹೋದ ತಂತಿಯ ರೂಪಕ್ಕೆ ‘ಕೊನೆಯ ವಸಂತ’ ಎಂಬ ಹೆಸರು ಬಂತು. ಮಾತಿಲ್ಲದವರಿಗೆ ಅರ್ಥ ಮುಟ್ಟಲೆಂಬ ಕಾಳಜಿ ಇರಬೇಕು. ಸಾವಿನ ಹತ್ತಿರ ಬಂದವನೊಬ್ಬ, ಹಿಮ ಕರಗಿ ಹುಲ್ಲು ಮೇಲೇಳುವುದನ್ನು ಇನ್ನೊಮ್ಮೆ ನೋಡಲು ಸಿಕ್ಕಿತಲ್ಲ ಎಂದು ಬೆರಗಾಗುವುದು ಪದ್ಯದ ಸಂದರ್ಭ.

ಎರಡು ಚರಣ ಮಾತ್ರ. ಎರಡರಲ್ಲೂ ಅದೇ ರಾಗ. ಮೊದಲ ಸಲ ಅದು ಹೇಳಿ ಮುಗಿಯುತ್ತದೆ. ಎರಡನೆಯ ಸಲ ಭಾರದ ತಂತಿಗಳೆಲ್ಲ ಹಿಂದೆ ಸರಿದು, ಮೇಲಿನ ಪಿಟೀಲುಗಳಷ್ಟೇ ಹಲವು ಪದರಗಳಾಗಿ ಒಡೆದು, ಬಹಳ ಮೇಲಿನ ಸ್ಥಾಯಿಯಲ್ಲಿ, ಪಿಸುದನಿಯಲ್ಲಿ ಅದನ್ನೇ ಎತ್ತಿಕೊಳ್ಳುತ್ತವೆ. ಕಾಲ ಕೆಳಗಿನ ನೆಲ ಇಲ್ಲದ ಹಾಗೆ. ಆಮೇಲೆ ಕೆಳಗಿನ ತಂತಿಗಳು ಒಂದೊಂದಾಗಿ ಸೇರಿ, ಒಂದು ಕ್ಷಣ ಎಲ್ಲವೂ ತುಂಬಿ ಬಂದು, ಮತ್ತೆ ಇಳಿಯುತ್ತದೆ. ಇದು ಸಿಹಿ ಎನ್ನುವವರಿದ್ದಾರೆ. ಫ್ರಾನ್ಸಿನ ಡೆಬ್ಯುಸಿ 1903ರಲ್ಲಿ ಗ್ರೀಗನನ್ನು ಹಿಮ ತುಂಬಿದ ಗುಲಾಬಿ ಮಿಠಾಯಿಗೆ ಹೋಲಿಸಿ ನಕ್ಕ. ಆ ಮಾತು ನನ್ನ ‘ಬೆಟ್ಟದ ಚಿತ್ರ’ಕ್ಕಿಂತ ಚೆನ್ನಾಗಿದೆ, ಆದರೆ ಅದೂ ನನ್ನ ಮಾತಿನಂತೆಯೇ, ಎರಡನೆಯ ಚರಣಕ್ಕೆ ಕಾಯದವನ ಮಾತು ಎಂಬುದು ನನ್ನ ಅನುಮಾನ. ಒಂದೇ ರಾಗವನ್ನು ಏನೂ ಬದಲಿಸದೆ ಎರಡನೆಯ ಸಲ ಹೇಳಿ, ಈ ಸಲ ಅದು ಕೊನೆಯದು ಎಂದು ಕೇಳುವವನಿಗೆ ಅನ್ನಿಸುವಂತೆ ಮಾಡುವುದು ಮಿಠಾಯಿಯವರ ಕೆಲಸವಲ್ಲ. ಅದನ್ನು ಅವನು ಜನರ ಹಾಡಿನಿಂದಲೇ ಕಲಿತಿರಬೇಕು. ಚರಣ ಬದಲಾದರೂ ರಾಗ ಬದಲಾಗದ ಹಾಡಿನಲ್ಲಿ, ಬದಲಾಗುವುದು ಹಾಡುವವರ ಉಸಿರು ಮಾತ್ರ.

ಹಾಗಾದರೆ ನನ್ನ ಪ್ರಶ್ನೆಗೆ ಉತ್ತರ? ಅದು ಸಿಕ್ಕಿದ್ದು ತಂತಿವೃಂದದಲ್ಲಲ್ಲ, ಅವನ ಕೊನೆಯ ವರ್ಷಗಳ ಒಂದು ಕೆಲಸದಲ್ಲಿ. ಟೆಲೆಮಾರ್ಕಿನಲ್ಲಿ ಕ್ನೂಟ್ ಡಾಹ್ಲೆ ಎಂಬ ಹಳ್ಳಿಯ ಪಿಟೀಲುಗಾರನಿದ್ದ. ‘ಮಿಲ್ಲರ ಹುಡುಗ’ ಎಂದು ದಂತಕಥೆಯಾಗಿದ್ದ ಟೊರ್ಗೈರ್ ಔಗುಂಡ್ಸನ್ನನ ಗತ್ತುಗಳನ್ನು ನೇರವಾಗಿ ಕಲಿತವನು. ತಾನು ಸತ್ತರೆ ಇವು ತನ್ನ ಜೊತೆಗೇ ಹೋಗುತ್ತವೆ ಎಂಬ ಭಯದಿಂದ ಅವನು ಗ್ರೀಗನಿಗೆ ಕಾಗದ ಬರೆದ. ಮೊದಲ ಕಾಗದ 1888ರಲ್ಲಿ. ಕೆಲಸ ನಡೆದದ್ದು 1901ರಲ್ಲಿ, ಹದಿಮೂರು ವರ್ಷ ತಡವಾಗಿ. ತಾನು ಪಿಟೀಲು ಬಲ್ಲವನಲ್ಲ ಎಂಬುದನ್ನು ಅರಿತ ಗ್ರೀಗ್, ಪಿಟೀಲುವಾದಕ ಯೊಹಾನ್ ಹಾಲ್ವೊರ್ಸೆನ್‌ನನ್ನು ಡಾಹ್ಲೆಯ ಮುಂದೆ ಕೂರಿಸಿ ಹದಿನೇಳು ಗತ್ತುಗಳನ್ನು ಬರೆಸಿದ. ಆಮೇಲೆ ಅವನ್ನು ಪಿಯಾನೋಗೆ ಒಗ್ಗಿಸಿದ. ‘ಸ್ಲೋಟರ್’ ಎಂಬ ಆ 72ನೇ ಕೃತಿಯಲ್ಲಿ ಮಿಠಾಯಿ ಇಲ್ಲ. ಕರ್ಕಶವಾದ ಮಧ್ಯಮವಿದೆ, ಸವೆಯದ ಅಂಚುಗಳಿವೆ. ಮುನ್ನುಡಿಯಲ್ಲಿ ಮಾತ್ರ, ಜನರ ಸಂಗೀತವನ್ನು ಕಲೆಯ ಮಟ್ಟಕ್ಕೆ ಏರಿಸುವ ಮಾತಾಡುತ್ತಾನೆ. ‘ಏರಿಸುವುದು’ ಎಂಬ ಆ ಪದ ನನಗೆ ಇವತ್ತಿಗೂ ಚುಚ್ಚುತ್ತದೆ. ಅದು ಡಾಹ್ಲೆಯ ಹೆಗಲ ಮೇಲೆ ನಿಂತವನು ಆಡಬಾರದಿದ್ದ ಮಾತು.

ಆದರೆ ಅವನು ಆಡಿದ್ದಕ್ಕಿಂತ ಮಾಡಿದ್ದು ದೊಡ್ಡದು. 1903ರಲ್ಲಿ ಅವನ ಪಿಯಾನೋ ರೂಪ ಅಚ್ಚಾದಾಗ, ಹಾಲ್ವೊರ್ಸೆನ್ ಬರೆದುಕೊಂಡ ಪಿಟೀಲಿನ ರೂಪವೂ ಅದೇ ಪ್ರಕಾಶಕರಿಂದ ಅಚ್ಚಾಯಿತು. ಇದು ಡಾಹ್ಲೆ ನುಡಿಸಿದ್ದು, ಇದು ನಾನು ಮಾಡಿಕೊಂಡದ್ದು. ಪಕ್ಕಪಕ್ಕ ಇಟ್ಟು ನೋಡಿ, ಬೇಕಾದರೆ ನನ್ನನ್ನು ಬಯ್ಯಿರಿ ಎಂದ ಹಾಗೆ. ಈಗ ಕ್ನೂಟ್ ಬುಯೆನ್‌ನಂಥ ಹಾರ್ಡಾಂಗರ್ ವಾದಕರು ಒಂದೊಂದು ಗತ್ತನ್ನು ಮೊದಲು ಪಿಟೀಲಿನಲ್ಲಿ, ಆಮೇಲೆ ಪಿಯಾನೋದಲ್ಲಿ ಕೇಳಿಸುವ ಧ್ವನಿಮುದ್ರಿಕೆಗಳಲ್ಲಿ ಪಾಲುಗೊಂಡಿದ್ದಾರೆ. ಗ್ರೀಗ್ ಎಲ್ಲಿ ಗೆದ್ದ, ಎಲ್ಲಿ ಸೋತ ಎಂಬುದನ್ನು ಯಾರು ಬೇಕಾದರೂ ಕಿವಿಯಿಂದ ಅಳೆಯಬಹುದು.

ಪುಸ್ತಕದಿಂದ ರಾಗ ಎತ್ತಿಕೊಂಡ ಇಪ್ಪತ್ತೇಳರ ಯುವಕ, ಅರವತ್ತರ ಹತ್ತಿರ ಬಂದಾಗ ನುಡಿಸುವವನ ಮನೆಬಾಗಿಲಿಗೆ ಬಂದ ಹಾಗೆ ಆಯಿತು. ‘ಹಸುವಿನ ಕರೆ’ ತಂತಿವೃಂದದಲ್ಲಿ ನಿಂತಿರುವುದು ಈ ದಾರಿಯ ನಡುವೆ ಎಲ್ಲೋ. ಅದನ್ನು ಮೂಲವೆಂದು ಕೇಳಿದರೆ ಮೋಸ. ದಾರಿ ನಡೆಯುತ್ತಿರುವವನ ದನಿಯೆಂದು ಕೇಳಿದರೆ ಅದು ನಿಜ. ರಾಗವನ್ನು ಬದಲಿಸುವುದು ಅಪರಾಧವಲ್ಲ ಎಂದು ಈಗ ನನಗನ್ನಿಸುತ್ತದೆ. ದೇಸಿ ಮಾರ್ಗಕ್ಕೆ ಬರುವಾಗ ಬಟ್ಟೆ ಬದಲಿಸಿಕೊಂಡೇ ಬರುತ್ತದೆ. ಅಪರಾಧವೆಂದರೆ, ಬಟ್ಟೆ ಬದಲಿಸಿದ ಮೇಲೆ ಹಳೆಯದನ್ನು ಸುಟ್ಟುಬಿಡುವುದು.

ನನ್ನ ಹತ್ತಿರ ಆ ಎರಡು ಕ್ಯಾಸೆಟ್ಟುಗಳು ಇನ್ನೂ ಇವೆ. ತಾಲೀಮಿನ ಗದ್ದಲ, ಹುಡುಗಿಯರ ನಗು, ನನ್ನದೇ ಹಾರ್ಮೋನಿಯಂ, ‘ಶ್ರುತಿ, ಶ್ರುತಿ’ ಎಂದು ಗದರುವ ನನ್ನದೇ ದನಿ. ಎರಡನೆಯ ಕ್ಯಾಸೆಟ್ಟಿನ ಕೊನೆಯಲ್ಲಿ ತಾಲೀಮು ಮುಗಿದು, ಟೇಪು ಇನ್ನೂ ಸ್ವಲ್ಪ ಉಳಿದಿತ್ತು. ಅಲ್ಲಿ ಅಜ್ಜಿಯ ದನಿ ಹತ್ತು ಹನ್ನೆರಡು ಸೆಕೆಂಡು ಉಳಿದುಕೊಂಡಿದೆ. ಒಂದು ಸಾಲಿನ ಅರ್ಧ, ಆ ಯಾವ ಮನೆಗೂ ಸೇರದ ಗಾಂಧಾರ, ಹಿಂದೆ ಕೊಟ್ಟಿಗೆಯಲ್ಲಿ ಹಸುವಿನ ಕೊರಳ ಗಂಟೆ. ಆಮೇಲೆ ಟೇಪು ಮುಗಿಯುತ್ತದೆ.